ಇಳಿಯುವವರಿದ್ದೀರಾ

ಎಲ್ಲರಿಗೂ ರಕ್ತ ಕಮ್ಮಿ. ನನ್ನ ದಮಯಂತಿಗೆ ಜಾಸ್ತಿ.
ಮೊದಲ ಸಲ ಕೇಳಿದಾಗ ನಗು ಬಂತು ನಮಗೆ.
ಬೀಟ್‌ರೂಟು ಬೆಲ್ಲ ತಿನ್ನಿಸಿ ಬೆಳೆಸಿದ ಅವಳಮ್ಮ
ಓಣಿಯಿಡೀ ಹೇಳಿಕೊಂಡು ಬಂದರು, ಹೆಮ್ಮೆಯಿಂದ.
ಆಮೇಲೆ ತಿಳಿಯಿತು,
ಮೂಳೆಯೊಳಗಿನ ಕಾರ್ಖಾನೆಗೆ ಸೈರನ್ನೇ ಇಲ್ಲ,
ಹಗಲು ಪಾಳಿ ರಾತ್ರಿ ಪಾಳಿ ಎರಡೂ ಅದರದೇ.
ದಪ್ಪಗಾದ ರಕ್ತ ಎಲ್ಲೋ ಒಂದು ತಿರುವಿನಲ್ಲಿ
ನಿಂತುಬಿಟ್ಟರೆ...
ಅದನ್ನು ಡಾಕ್ಟರೂ ಪೂರ್ತಿ ಹೇಳಲಿಲ್ಲ.
ಎರಡು ತಿಂಗಳಿಗೊಮ್ಮೆ ಇಳಿಸಬೇಕು, ಅಂದರು.

ಇಳಿಸುವುದು ನನಗೆ ಗೊತ್ತಿರುವ ಕೆಲಸ.
ಹತ್ತೊಂಬತ್ತು ವರ್ಷ, ಮಡಿಕೇರಿ–ಕುಶಾಲನಗರ,
ಬಾಗಿಲಲ್ಲಿ ನೇತಾಡಿ ಕೂಗಿದವನು:
ಬೋಯಿಕೇರಿ! ಕೆದಕಲ್! ಇಳಿಯುವವರಿದ್ದೀರಾ!

ಮಾರ್ಚಿನಲ್ಲಿ ಬಸ್ಸು ಷೆಡ್ಡಿಗೆ ಹೋಯಿತು,
ಟಿಕೆಟ್ ಚೀಲ ಮೊಳೆಗೆ. ದೊಡ್ಡಾಸ್ಪತ್ರೆಗೆ
ಹಗ್ಗ ಕಟ್ಟಿದರು; ಜ್ವರದವರಿಗೆ ಮಾತ್ರ ಒಳಗೆ ದಾರಿ.
ಸುಂಟಿಕೊಪ್ಪದ ಅಂಗಡಿಗಳ ಮುಂದೆ ಸುಣ್ಣದ ವೃತ್ತಗಳು,
ಇವಳ ಸುತ್ತ ಮಾತ್ರ ಇನ್ನೂ ದೊಡ್ಡ ವೃತ್ತ.
ಕುಂಕುಮದ ನೀರಲ್ಲಿ ಅದ್ದಿ ತೆಗೆದಂಥ ಮುಖ,
ಜ್ವರವೆಂದು ನಾಲ್ಕು ಹೆಜ್ಜೆ ಸರಿದು ನಿಲ್ಲುವರು.
ಅದೇ ಮುಖಕ್ಕೆ ಮದುವೆಯ ದಿನ ನನ್ನ ಚಿಕ್ಕಮ್ಮ
“ಎಂಥಾ ಬಣ್ಣ” ಅಂದು ನೆಟಿಕೆ ಮುರಿದಿದ್ದಳು.

ಪಂಚಾಯಿತಿಯ ಬಟ್ಟೆ, ಮಾಸ್ಕೊಂದಕ್ಕೆ ಎಂಟು ರೂಪಾಯಿ.
ಪೆಡಲ್ ತುಳಿದರೆ ಪಾದ ಉರಿ. ಅದಕ್ಕೆ
ತಣ್ಣೀರಿನ ಬಕೆಟಿನಲ್ಲಿ ಒಂದು ಕಾಲು,
ಮೆಷಿನ್ನಿನ ಮೇಲೆ ಇನ್ನೊಂದು.
ಕಾಲು ಬದಲಿಸಿದಾಗೆಲ್ಲ ನೆಲ ಒರೆಸುವುದು ನಾನು.

ಮೇ ತಿಂಗಳಲ್ಲಿ ತಲೆ ಸಿಡಿಯತೊಡಗಿತು.
ನಿವೃತ್ತ ನರ್ಸು ತ್ರೇಸ್ಯಮ್ಮ
ಡಾಕ್ಟರರಿಗೆ ಫೋನು ಮಾಡಿ, ಚೀಲ ಸೂಜಿ ತರಿಸಿ ಬಂದರು.
ತೂಕಕ್ಕೆ ಏನಿದೆ, ಅಂದರು.
ಕರಿಮೆಣಸು ತೂಗುವ ಸ್ಪ್ರಿಂಗ್ ತಕ್ಕಡಿ ತಂದೆ.
ಕೊಕ್ಕೆಗೆ ಚೀಲ. ಮಂಚಕ್ಕಿಂತ ಕೆಳಗೆ ಹಿಡಿಯಿರಿ. ನಡುಗಬೇಡಿ.
ನೂರು. ನೂರೈವತ್ತು.
ಜೇನಿನ ಹಾಗೆ ನಿಧಾನ.
ಬೆಚ್ಚಗಿತ್ತು ಚೀಲ, ಆಗಷ್ಟೇ ಎದ್ದವರ ದಿಂಬಿನಷ್ಟು.
ಮುನ್ನೂರೈವತ್ತಕ್ಕೆ ಕ್ಲಿಪ್ಪು ಹಾಕಿದರು.

ಆ ಹೊತ್ತಿಗೇ ಬಂದ ಆಟೋದ ಮೊಯ್ದು.
ಅವನ ಮಗಳು ಶಾಹಿದಾ, ಎಂಟು ವರ್ಷ,
ನಮ್ಮದಕ್ಕೆ ತದ್ವಿರುದ್ಧ:
ಇಪ್ಪತ್ತು ದಿನಕ್ಕೊಮ್ಮೆ ಏರಿಸಬೇಕು.
ಶಿಬಿರಗಳಿಲ್ಲ, ಕೊಡುವವರಿಲ್ಲ, ಬ್ಯಾಂಕು ಖಾಲಿ.
ಜಗಲಿಯಲ್ಲಿ ನಿಂತು ಚೀಲವನ್ನೇ ನೋಡಿದ.
ಕೇಳಲಿಲ್ಲ.
ದಮಯಂತಿಯೇ ಕೇಳಿದಳು, ಮಲಗಿದಲ್ಲಿಂದ:
“ಇದು ಆ ಮಗೂಗೆ ಆಗೋದಿಲ್ವಾ?”
“ಆಗಲ್ಲಮ್ಮಾ. ಕಾಯಿಲೆಯವರದ್ದು ಯಾರಿಗೂ ಆಗಲ್ಲ.”
ತಾನೇ ತಪ್ಪು ಮಾಡಿದವನಂತೆ
ಮೊಯ್ದು ಚಪ್ಪಲಿ ಹುಡುಕಿದ.

ಬ್ಲೀಚಿಂಗ್ ಪುಡಿ ಸುರಿದು ಹಿತ್ತಲ ಗುಂಡಿಯಲ್ಲಿ ಮುಚ್ಚಿದೆ.
ಮಣ್ಣೆಳೆಯುವಾಗ ಕಂಡಕ್ಟರ್ ಬುದ್ಧಿ:
ಬಸ್ಸಿನಲ್ಲಿ ಚಿಲ್ಲರೆ ಇದ್ದೇ ಇರುತ್ತದೆ,
ಬೇಕಾದವನ ಕೈಗೆ ಮಾತ್ರ ಬರುವುದಿಲ್ಲ.
ಮರುದಿನ ಪಾಸು ಬರೆಸಿ ಮೊಯ್ದು ಜತೆ ಹೋಗಿ
ತೋಳು ಚಾಚಿದೆ. ನನ್ನದು ಅವಳ ಗುಂಪಲ್ಲ,
ಬದಲಿಗೆ ಬೇರೆ ಚೀಲ ಕೊಟ್ಟರು.
ಅದು ಆ ಸಲದ್ದು. ಮುಂದಿನ ಸಲ ಯಾರು
ಎಂಬುದನ್ನು ದಾರಿಯಿಡೀ ಇಬ್ಬರೂ ಎತ್ತಲಿಲ್ಲ.

ಸ್ನಾನವೇ ಕಷ್ಟ ಇವಳಿಗೆ. ನೀರು ಆರುವಾಗ
ಚರ್ಮದೊಳಗೆ ಇರುವೆ ಹರಿದಂತೆ,
ಕೆರೆದರೂ ಉಗುರಿಗೆ ಸಿಗದ ತುರಿಕೆ. ಇಪ್ಪತ್ತು ನಿಮಿಷ.
ಬಚ್ಚಲ ಬಾಗಿಲಿನಾಚೆ ಕೂತು ಏನು ಮಾತಾಡಲಿ?
ದೇವರ ನಾಮ ಬಾಯಿಗೆ ಬರುವವನಲ್ಲ.
ಬರುವುದನ್ನೇ ಕೂಗಿದೆ:
ಮಡಿಕೇರಿ ಬಿಟ್ಟಿತು. ಇಬ್ನಿವಳವಾಡಿ.
ಬೋಯಿಕೇರಿ, ಮಂಜಿದೆ, ಲೈಟು ಹಾಕಿ ನಿಧಾನ.
ಕೆದಕಲ್, ಒಬ್ಬ ಅಜ್ಜ, ಕೋಳಿಗೂ ಟಿಕೆಟ್ಟಾ ಎಂದು ಜಗಳ.
ಸುಂಟಿಕೊಪ್ಪ, ಐದೇ ನಿಮಿಷ, ಚಾ ಕುಡಿಯುವವರು ಕುಡಿಯಿರಿ.
ಒಳಗಿಂದ ಹಲ್ಲು ಕಚ್ಚಿದ ದನಿ: “ಇನ್ನೂ ಎಷ್ಟು ದೂರ?”
ಏಳನೇ ಹೊಸಕೋಟೆ.
“ಆಮೇಲೆ?”
ಆನೆಕಾಡು. ರಸ್ತೆ ದಾಟುತ್ತಿದೆ, ಮರಿ ಹಿಂದೆ ಉಳಿದಿದೆ,
ಹಾರ್ನ್ ಹಾಕುವಂತಿಲ್ಲ.
“ಸರಿ. ಕಾಯೋಣ.”

ಕಾದೆವು.
ಬಾಗಿಲ ಕೆಳಗಿನ ಸಂದಿಯಲ್ಲಿ ಅವಳ ಒದ್ದೆ ಬೆರಳು.
ಆಚೆಗೆ ಗುಡ್ಡೆಹೊಸೂರು.